ವರದಿಯಲ್ಲಿ ‘ಏನೂ ಪತ್ತೆಯಾಗಿಲ್ಲ’ ಎಂದಿದೆ. ಹಾಗಾದರೆ ನನ್ನ ಮಗನಿಗೆ ಆಗಿರುವುದೇನು?

ದಾರದುಂಡೆ (ರಾಯಚೂರು), ಭಾನುವಾರ ರಾತ್ರಿ 10:50

ಎಲ್ಲರಿಗೂ ನಮಸ್ಕಾರ. ನಾನು ರಾಯಚೂರಿನಲ್ಲಿ ಮನೆಯಲ್ಲೇ ಹೊಲಿಗೆ ಮಾಡುತ್ತೇನೆ. ಓದಿದ್ದು ಪಿಯುಸಿವರೆಗೆ. ಮಗನಿಗೆ ಈಗ ಆರು ವರ್ಷ. ಕತ್ತು ನಿಂತದ್ದು ವರ್ಷ ತುಂಬುವಾಗ, ಎದ್ದು ನಡೆದದ್ದು ನಾಲ್ಕು ದಾಟಿದ ಮೇಲೆ. ಮಾತು ಬಂದಿಲ್ಲ. ಹಸಿವಾದರೆ ನನ್ನ ಹೊಲಿಗೆ ಯಂತ್ರದ ಚಕ್ರವನ್ನು ಅಂಗೈಯಿಂದ ಹಿಡಿದು ನಿಲ್ಲಿಸುತ್ತಾನೆ. ನನಗೆ ಅರ್ಥವಾಗುತ್ತದೆ, ಎದ್ದು ಅನ್ನ ಕಲಸುತ್ತೇನೆ. ಎರಡು ಸಲ ಫಿಟ್ಸ್ ಬಂದಿದೆ. ತಲೆಯ ಸುತ್ತಳತೆ ವಯಸ್ಸಿಗೆ ತಕ್ಕಷ್ಟಿಲ್ಲ ಎಂದು ಪ್ರತಿ ಸಲವೂ ಬರೆಯುತ್ತಾರೆ.

ಹೋದ ವರ್ಷ ದೊಡ್ಡ ಊರಿನ ಆಸ್ಪತ್ರೆಯೊಂದರಲ್ಲಿ ಎಕ್ಸೋಮ್ ಪರೀಕ್ಷೆ ಮಾಡಿಸಿದೆವು. ನಾಲ್ಕು ತಿಂಗಳ ಹೊಲಿಗೆಯ ದುಡ್ಡು ಹೋಯಿತು. ವರದಿಯಲ್ಲಿ ‘ರೋಗಕ್ಕೆ ಕಾರಣವಾಗುವ ಬದಲಾವಣೆ ಪತ್ತೆಯಾಗಿಲ್ಲ’ ಎಂದಿತ್ತು. ಅದನ್ನು ಕೈಗಿತ್ತವರು ‘ಎಲ್ಲ ಸರಿಯಿದೆ’ ಎಂದು ಹೇಳಿ ಮುಂದಿನವರನ್ನು ಕರೆದರು. ಎಲ್ಲ ಸರಿಯಿದ್ದರೆ ನನ್ನ ಮಗ ಏಕೆ ಹೀಗಿದ್ದಾನೆ?

ನನ್ನ ಗಂಡ ನನಗೆ ಸೋದರಮಾವ. ಅಂದರೆ ನನ್ನ ಅತ್ತೆಯೇ ನನ್ನ ಹೆತ್ತಮ್ಮನ ತಾಯಿ. ನೆಂಟರು ಬಂದಾಗಲೆಲ್ಲ ‘ರಕ್ತಕ್ಕೆ ರಕ್ತ ಸೇರಿ ಹೀಗಾಯಿತು’ ಎನ್ನುತ್ತಾರೆ. ಅಜ್ಜಿ ಒಂದು ಮಾತೂ ಆಡದೆ ಒಳಗೆ ಹೋಗಿಬಿಡುತ್ತಾರೆ. ಈಚೆಗೆ ಬೇರೆ ವೈದ್ಯರೊಬ್ಬರು ‘ಆ ಪರೀಕ್ಷೆ ನಾನ್‌ಕೋಡಿಂಗ್ ಆರ್‌ಎನ್‌ಎ ಭಾಗವನ್ನು ಓದುವುದಿಲ್ಲಮ್ಮ’ ಎಂದರು. ಅದು ಏನೆಂದು ಕೇಳುವಷ್ಟರಲ್ಲಿ ನಮ್ಮ ಸಮಯ ಮುಗಿದಿತ್ತು. ಇಲ್ಲಿ ಗೊತ್ತಿರುವವರು ನನಗೆ ತಿಳಿಯುವ ಹಾಗೆ ಹೇಳುತ್ತೀರಾ?

ಮಕ್ಕಳ ವೈದ್ಯ (ಬಳ್ಳಾರಿ), ಭಾನುವಾರ ರಾತ್ರಿ 11:35

ಅಮ್ಮಾ, ‘ಪತ್ತೆಯಾಗಿಲ್ಲ’ ಎಂಬ ಮಾತಿಗೆ ‘ಎಲ್ಲ ಸರಿಯಿದೆ’ ಎಂಬ ಅರ್ಥವಿಲ್ಲ. ನಿಮಗೆ ಹಾಗೆ ಹೇಳಿದ್ದು ತಪ್ಪು. ನಮ್ಮ ವೃತ್ತಿಯವರು ಈ ತಪ್ಪನ್ನು ಮತ್ತೆ ಮತ್ತೆ ಮಾಡುತ್ತಾರೆ ಎಂಬುದು ನನಗೆ ನೋವಿನ ಸಂಗತಿ.

ಎಕ್ಸೋಮ್ ಪರೀಕ್ಷೆ ನಮ್ಮ ಡಿಎನ್‌ಎಯಲ್ಲಿ ಪ್ರೋಟೀನ್ ತಯಾರಿಗೆ ಸೂಚನೆ ಇರುವ ಭಾಗವನ್ನು ಮಾತ್ರ ಓದುತ್ತದೆ. ಅದು ಒಟ್ಟು ಡಿಎನ್‌ಎಯಲ್ಲಿ ನೂರಕ್ಕೆ ಎರಡು ಭಾಗವೂ ಆಗುವುದಿಲ್ಲ. ಗೊತ್ತಿರುವ ವಂಶವಾಹಿ ರೋಗಗಳಲ್ಲಿ ಹೆಚ್ಚಿನವು ಆ ಸಣ್ಣ ಭಾಗದಲ್ಲೇ ಸಿಕ್ಕಿರುವುದರಿಂದ ಮೊದಲು ಅಲ್ಲಿ ಹುಡುಕುವುದು ಸರಿಯಾದ ಕ್ರಮವೇ. ಆದರೆ ಉಳಿದದ್ದನ್ನು ಯಾರೂ ತೆರೆದು ನೋಡಿಲ್ಲ. ನಿಮ್ಮ ವರದಿಯ ಕೊನೆಯ ಪುಟದಲ್ಲಿ, ಸಣ್ಣ ಅಕ್ಷರಗಳಲ್ಲಿ, ‘ಪರೀಕ್ಷೆಯ ಮಿತಿಗಳು’ ಎಂಬ ಅರ್ಥದ ಭಾಗ ಇರುತ್ತದೆ. ಬಿಡುವಾದಾಗ ಅದನ್ನು ನೋಡಿ ಇಲ್ಲಿ ಬರೆಯಿರಿ.

ಜೀವಶಾಸ್ತ್ರ ಮೇಷ್ಟ್ರು (ಬಳ್ಳಾರಿ), ಸೋಮವಾರ ಬೆಳಿಗ್ಗೆ 6:20

ತಂಗಿ, ನಾನು ಪಿಯು ಕಾಲೇಜಿನಲ್ಲಿ 27 ವರ್ಷಗಳಿಂದ ಈ ಪಾಠ ಮಾಡುತ್ತಿದ್ದೇನೆ. ನೀವು ಪಿಯುಸಿ ಓದಿದ್ದೀರಿ ಎಂದಿರಿ, ಹಾಗಾದರೆ ಹಲಗೆಯ ಮೇಲೆ ಈ ಸಾಲನ್ನು ನೋಡಿರುತ್ತೀರಿ: ಡಿಎನ್‌ಎ, ಅದರಿಂದ ಆರ್‌ಎನ್‌ಎ, ಅದರಿಂದ ಪ್ರೋಟೀನ್. ಡಿಎನ್‌ಎ ಮನೆಯ ಪೆಟ್ಟಿಗೆಯಲ್ಲಿ ಭದ್ರವಾಗಿರುವ ಮೂಲಪತ್ರ. ಆರ್‌ಎನ್‌ಎ ಅದರಿಂದ ಬೇಕಾದಷ್ಟು ಭಾಗವನ್ನು ಎತ್ತಿ ಬರೆದುಕೊಂಡ ನಕಲು. ಆ ನಕಲನ್ನು ಓದಿ ಜೀವಕೋಶ ಪ್ರೋಟೀನನ್ನು ಕಟ್ಟುತ್ತದೆ. ಸ್ನಾಯು, ರಕ್ತದ ಹಿಮೋಗ್ಲೋಬಿನ್, ಇನ್ಸುಲಿನ್ ಎಲ್ಲವೂ ಹೀಗೆ ಆದವು.

ಮನುಷ್ಯನ ಡಿಎನ್‌ಎಯಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ. ಪ್ರೋಟೀನ್ ಸೂಚನೆ ಇರುವ ವಂಶವಾಹಿಗಳು 20 ಸಾವಿರದ ಆಸುಪಾಸು. ಆದರೆ ಜೀವಕೋಶ ನಕಲು ತೆಗೆಯುವುದು ಅವುಗಳನ್ನು ಮಾತ್ರವಲ್ಲ. ಬೇರೆ ಎಷ್ಟೋ ಕಡೆಯಿಂದ ಆರ್‌ಎನ್‌ಎ ಎತ್ತಿ ಬರೆಯುತ್ತದೆ, ಅದರಿಂದ ಪ್ರೋಟೀನ್ ಮಾಡುವುದೇ ಇಲ್ಲ. ಆ ಆರ್‌ಎನ್‌ಎ ತಾನೇ ಹೋಗಿ ಒಂದು ಕೆಲಸ ಮಾಡುತ್ತದೆ. ಇಂತಹ ಆರ್‌ಎನ್‌ಎಯನ್ನೇ ನಾನ್‌ಕೋಡಿಂಗ್ ಎನ್ನುವುದು. ಪ್ರೋಟೀನಿನ ಸಂಕೇತ ಅದರಲ್ಲಿಲ್ಲ ಎಂದಷ್ಟೇ ಅರ್ಥ.

ಇದರಲ್ಲಿ ಎರಡು ಬಗೆ ನಮಗೆ ಬಹಳ ಹಿಂದಿನಿಂದ ಗೊತ್ತು. ಪ್ರೋಟೀನ್ ಕಟ್ಟುವ ರೈಬೋಸೋಮಿನ ಒಡಲೇ ಬಹುಪಾಲು ಆರ್‌ಎನ್‌ಎ. ಅಮೈನೋ ಆಮ್ಲಗಳನ್ನು ಒಂದಕ್ಕೊಂದು ಜೋಡಿಸುವ ಕೆಲಸವನ್ನೂ ಅಲ್ಲಿ ಆರ್‌ಎನ್‌ಎ ಭಾಗವೇ ಮಾಡುತ್ತದೆ. ಆ ರೈಬೋಸೋಮಿನ ರಚನೆಯನ್ನು ಬಿಡಿಸಿ ತೋರಿಸಿದ್ದಕ್ಕೆ 2009ರಲ್ಲಿ ಚಿದಂಬರದಲ್ಲಿ ಹುಟ್ಟಿದ ವೆಂಕಿ ರಾಮಕೃಷ್ಣನ್ ಅವರಿಗೂ ನೊಬೆಲ್ ಬಂತು. ಎರಡನೆಯದು ಅಮೈನೋ ಆಮ್ಲಗಳನ್ನು ಹೊತ್ತು ತರುವ ಟಿಆರ್‌ಎನ್‌ಎ. ಇಷ್ಟು ಮುಖ್ಯವಾದವು ಕಣ್ಣೆದುರಿಗೇ ಇದ್ದರೂ ಉಳಿದ ಭಾಗಕ್ಕೆ ‘ಜಂಕ್’, ಅಂದರೆ ಕಸ, ಎಂಬ ಹೆಸರು 1970ರ ದಶಕದಿಂದ ಅಂಟಿಕೊಂಡಿತು. ನಾನೂ ಎಷ್ಟೋ ವರ್ಷ ಮಕ್ಕಳಿಗೆ ಆ ಪದವನ್ನೇ ಹೇಳಿಕೊಟ್ಟೆ. ಈಗ ಹೇಳುವುದಿಲ್ಲ.

ಕಾರಟಗಿ ರೈತ, ಸೋಮವಾರ ಬೆಳಿಗ್ಗೆ 7:05

ಮೇಷ್ಟ್ರೇ, ನಾನು ಓದಿದವನಲ್ಲ, ಆದರೆ ಇದು ನಮ್ಮ ಎಡದಂಡೆ ಕಾಲುವೆಯ ಕಥೆಯಂತೆ ಕೇಳಿಸುತ್ತಿದೆ. ನೀರಗಂಟಿ ಒಂದು ಕಾಳು ಭತ್ತ ಬೆಳೆಯುವುದಿಲ್ಲ. ಆದರೆ ಯಾವ ತೂಬನ್ನು ಎಷ್ಟು ಎತ್ತಬೇಕು, ಯಾವಾಗ ಇಳಿಸಬೇಕು ಎಂಬುದು ಅವನ ಕೈಯಲ್ಲಿ. ಅವನು ಎರಡು ದಿನ ಮಲಗಿದರೆ ಮೇಲಿನವರ ಗದ್ದೆಯಲ್ಲಿ ಭತ್ತ ಕೊಳೆಯುತ್ತದೆ, ಕೊನೆಯ ಭಾಗದ ಮಾನ್ವಿಯವರ ಗದ್ದೆ ಬಿರುಕು ಬಿಡುತ್ತದೆ. ಈ ಆರ್‌ಎನ್‌ಎ ಅಂತಹ ನೀರಗಂಟಿಯೇ? ಹೌದಾದರೆ ಅದು ತೂಬನ್ನು ಇಳಿಸುವುದು ಹೇಗೆ?

ಗಂಗಾವತಿಯವನು (ಈಗ ಬೆಂಗಳೂರು), ಸೋಮವಾರ ಮಧ್ಯಾಹ್ನ 1:40

ಕಾರಟಗಿ ಅಣ್ಣ, ನಾನು ಆರ್‌ಎನ್‌ಎ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ನಾನ್‌ಕೋಡಿಂಗ್ ಆರ್‌ಎನ್‌ಎಗಳಲ್ಲಿ ಹಲವು ಬಗೆಗಳಿವೆ. ಅವುಗಳಲ್ಲಿ ಒಂದಕ್ಕೆ ನಿಮ್ಮ ಹೋಲಿಕೆ ಪೂರ್ತಿ ಒಪ್ಪುತ್ತದೆ. ಅದರ ಹೆಸರು ಮೈಕ್ರೊಆರ್‌ಎನ್‌ಎ.

ಅದು ಸಿಕ್ಕಿದ್ದು ಒಂದು ಮಿಲಿಮೀಟರ್ ಉದ್ದದ, ಮಣ್ಣಿನಲ್ಲಿರುವ ಹುಳುವಿನಲ್ಲಿ. ಆ ಹುಳುವಿನ ಒಂದು ತಳಿ ಬೆಳೆಯುವಾಗ ಎಳೆಯ ಹಂತವನ್ನೇ ಮತ್ತೆ ಮತ್ತೆ ಸುತ್ತುತ್ತಿತ್ತು. ಅದರಲ್ಲಿ ಕೆಟ್ಟಿದ್ದ ವಂಶವಾಹಿಯ ಹೆಸರು ಲಿನ್-4. ವಿಕ್ಟರ್ ಆಂಬ್ರೋಸ್ ಅದರ ಪ್ರೋಟೀನ್ ಯಾವುದೆಂದು ಹುಡುಕಿದರೆ ಪ್ರೋಟೀನೇ ಇರಲಿಲ್ಲ. ಸಿಕ್ಕಿದ್ದು 22 ಅಕ್ಷರದ ಆರ್‌ಎನ್‌ಎ ತುಣುಕು. ಇತ್ತ ಗ್ಯಾರಿ ರುವ್ಕುನ್ ಲಿನ್-14 ಎಂಬ ಇನ್ನೊಂದು ವಂಶವಾಹಿಯ ಬೆನ್ನು ಹತ್ತಿದ್ದರು. ಇಬ್ಬರೂ ತಮ್ಮ ತಮ್ಮ ಅಕ್ಷರಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಲಿನ್-4ರ ತುಣುಕು ಲಿನ್-14ರ ಸಂದೇಶದ (ಮೇಷ್ಟ್ರು ಹೇಳಿದ, ಪ್ರೋಟೀನಿಗಾಗಿ ಎತ್ತಿ ಬರೆದ ಆರ್‌ಎನ್‌ಎ ನಕಲಿನ) ಬಾಲದಲ್ಲಿ ಹಲವು ಕಡೆ ಕೊಂಡಿಯಂತೆ ಕೂಡುತ್ತಿತ್ತು. ತೂಬು ಇಳಿಯುವುದು ಹಾಗೆ. ಸಣ್ಣ ಆರ್‌ಎನ್‌ಎ ಸಂದೇಶದ ಬಾಲಕ್ಕೆ ಹೋಗಿ ಅಂಟಿಕೊಳ್ಳುತ್ತದೆ, ಜೊತೆಗಿರುವ ಪ್ರೋಟೀನುಗಳು ಆ ಸಂದೇಶವನ್ನು ತಡೆಯುತ್ತವೆ ಅಥವಾ ಒಡೆದು ಹಾಕುತ್ತವೆ. ಸಂದೇಶ ಹೋಯಿತೆಂದರೆ ಪ್ರೋಟೀನ್ ಕಡಿಮೆಯಾಯಿತು.

ಇದು 1993ರಲ್ಲಿ ಪ್ರಕಟವಾಯಿತು. ಹುಳುವಿನ ವಿಚಿತ್ರ ಎಂದುಕೊಂಡು ಏಳು ವರ್ಷ ಹೆಚ್ಚಿನವರು ಅದರತ್ತ ನೋಡಲಿಲ್ಲ. 2000ದಲ್ಲಿ ರುವ್ಕುನ್ ಅವರ ತಂಡವೇ ಲೆಟ್-7 ಎಂಬ ಇನ್ನೊಂದನ್ನು ಕಂಡುಹಿಡಿಯಿತು. ಅದು ಹುಳುವಿನಿಂದ ಹಿಡಿದು ಮನುಷ್ಯನವರೆಗೆ ಒಂದೇ ರೂಪದಲ್ಲಿತ್ತು! ಆಗ ಎಲ್ಲರೂ ತಿರುಗಿ ನೋಡಿದರು. ಮನುಷ್ಯನಲ್ಲಿ ಈಗ ಸಾವಿರಕ್ಕೂ ಹೆಚ್ಚು ಮೈಕ್ರೊಆರ್‌ಎನ್‌ಎಗಳು ಗೊತ್ತಾಗಿವೆ. 2024ರ ವೈದ್ಯಕೀಯ ನೊಬೆಲ್ ಅವರಿಬ್ಬರಿಗೂ ಬಂದದ್ದು ಇದಕ್ಕೇ.

ಇದು ಕೆಟ್ಟರೆ ರೋಗ ಬರುತ್ತದೆಯೇ ಎಂದರೆ, ಬರುತ್ತದೆ. ಕಿವಿಯ ಒಳಗಿನ, ಶಬ್ದವನ್ನು ಹಿಡಿಯುವ ರೋಮಕೋಶಗಳಲ್ಲಿ ಮಿರ್-96 ಎಂಬುದಿದೆ. ಅದರಲ್ಲಿ ಒಂದು ಅಕ್ಷರ ಬದಲಾದ ಕುಟುಂಬಗಳಲ್ಲಿ ಕಿವುಡು ತಲೆಮಾರಿನಿಂದ ತಲೆಮಾರಿಗೆ ಬಂದಿರುವುದು 2009ರಲ್ಲಿ ಗೊತ್ತಾಯಿತು.

ಕೊಪ್ಪಳದ ವಿದ್ಯಾರ್ಥಿನಿ, ಸೋಮವಾರ ಸಂಜೆ 6:15

ನಾನು ಎಂಎಸ್ಸಿ ಮೊದಲ ವರ್ಷದಲ್ಲಿದ್ದೇನೆ. ಇದೇ ವಾರ ತರಗತಿಯಲ್ಲಿ ಕೇಳಿದ ಒಂದು ವಿಷಯ ನನ್ನ ತಲೆಯಿಂದ ಹೋಗುತ್ತಲೇ ಇಲ್ಲ. ಹೆಣ್ಣಿನ ಪ್ರತಿ ಜೀವಕೋಶದಲ್ಲಿ ಎರಡು ಎಕ್ಸ್ ವರ್ಣತಂತುಗಳಿವೆ (ವರ್ಣತಂತು ಎಂದರೆ ಡಿಎನ್‌ಎಯ ಉದ್ದನೆಯ ಎಳೆ), ಗಂಡಿನಲ್ಲಿ ಒಂದೇ. ಎರಡೂ ಒಟ್ಟಿಗೆ ಕೆಲಸ ಮಾಡಿದರೆ ಪ್ರೋಟೀನಿನ ಲೆಕ್ಕ ತಪ್ಪುತ್ತದೆ. ಆದ್ದರಿಂದ ಭ್ರೂಣವಿದ್ದಾಗಲೇ ಪ್ರತಿ ಕೋಶವೂ ಒಂದು ಎಕ್ಸನ್ನು ಸುಮ್ಮನಾಗಿಸುತ್ತದೆ. ಆ ಕೆಲಸ ಮಾಡುವುದು ಎಕ್ಸಿಸ್ಟ್ ಎಂಬ, 17 ಸಾವಿರ ಅಕ್ಷರಗಳಷ್ಟು ಉದ್ದದ ಆರ್‌ಎನ್‌ಎ. ತಾನು ಹುಟ್ಟಿದ ವರ್ಣತಂತುವಿನ ಮೈತುಂಬ ಅದೇ ಹರಡಿಕೊಂಡು, ಇಡೀ ವರ್ಣತಂತುವನ್ನು ಮಡಚಿ ಮುಚ್ಚಿಡಿಸುತ್ತದೆ. ಅದರಿಂದ ಪ್ರೋಟೀನ್ ಆಗುವುದೇ ಇಲ್ಲ. ಈ ವೇದಿಕೆ ಓದುತ್ತಿರುವ ಪ್ರತಿ ಅಕ್ಕ, ಪ್ರತಿ ಅಮ್ಮನ ದೇಹದಲ್ಲಿ ಈ ಗಳಿಗೆಯಲ್ಲೂ ಅದು ನಡೆಯುತ್ತಿದೆ.

2012ರಲ್ಲಿ ಎನ್‌ಕೋಡ್ ಎಂಬ ದೊಡ್ಡ ಯೋಜನೆಯವರು ಡಿಎನ್‌ಎಯ ಶೇ 80ರಷ್ಟು ಭಾಗಕ್ಕೆ ಕೆಲಸವಿದೆ ಎಂದರು. ಹಾಗಾದರೆ ಕಸ ಎನ್ನುವುದು ಇಲ್ಲವೇ ಇಲ್ಲ ಎಂದಾಯಿತಲ್ಲವೇ?

ಕೆಂಪುಮಣ್ಣು (ಸಂಡೂರು), ಸೋಮವಾರ ರಾತ್ರಿ 9:10

ಮಗಳೇ, ಇದಕ್ಕೆ ನಾನು ಒಪ್ಪುವುದಿಲ್ಲ. ನಾನು ಗಣಿಯ ಪ್ರಯೋಗಾಲಯದಲ್ಲಿ 31 ವರ್ಷ ಅದಿರಿನ ಮಾದರಿ ಪುಡಿ ಮಾಡಿ ಕಬ್ಬಿಣದ ಅಂಶ ಅಳೆದವನು. ಒಂದು ಕಾಲದಲ್ಲಿ ಅಂಶ ಕಡಿಮೆ ಇದ್ದ ಅದಿರನ್ನು ಕಸವೆಂದು ಬದಿಗೆ ಸುರಿಯುತ್ತಿದ್ದರು. ಗುಡ್ಡದ ಪಕ್ಕ ಇನ್ನೊಂದು ಗುಡ್ಡವೇ ಬೆಳೆಯಿತು. ಮುಂದೆ ಬೇಡಿಕೆ ಏರಿತು, ತೊಳೆದು ಶುದ್ಧ ಮಾಡುವ ಯಂತ್ರಗಳು ಬಂದವು. ಆಗ ಅದೇ ರಾಶಿಯನ್ನು ಮತ್ತೆ ಅಗೆದರು. ಹಾಗೆಂದು ರಾಶಿಯೆಲ್ಲ ಅದಿರಾಗಿರಲಿಲ್ಲ. ಒಂದು ಲೋಡಿನಲ್ಲಿ ಒಳ್ಳೆಯ ಅಂಶ ಬರುತ್ತಿತ್ತು, ಪಕ್ಕದ ಹತ್ತು ಲೋಡು ಬರೀ ಮಣ್ಣು. ಮಾದರಿ ತೆಗೆದು ಅಳೆಯದೆ ‘ಎಲ್ಲ ಅದಿರು’ ಎನ್ನುವವನೂ ‘ಎಲ್ಲ ಮಣ್ಣು’ ಎನ್ನುವವನೂ ನನಗೆ ಒಂದೇ.

ಗಂಗಾವತಿಯವನು (ಈಗ ಬೆಂಗಳೂರು), ಸೋಮವಾರ ರಾತ್ರಿ 9:45

ಸಂಡೂರಿನ ಹಿರಿಯರ ಮಾತೇ ಸರಿ. ಎನ್‌ಕೋಡ್‌ನವರು ‘ಕೆಲಸ’ ಎಂಬ ಪದವನ್ನು ಬಹಳ ಸಡಿಲವಾಗಿ ಬಳಸಿದ್ದರು, ಅದಕ್ಕೆ ಆಗಲೇ ಕಟುವಾದ ಟೀಕೆ ಬಂತು. ನಕಲು ಎತ್ತಿದ ಮಾತ್ರಕ್ಕೆ ಆ ನಕಲಿಗೆ ಉಪಯೋಗವಿದೆ ಎಂದಾಗುವುದಿಲ್ಲ. ಸಾವಿರಾರು ಉದ್ದನೆಯ ಆರ್‌ಎನ್‌ಎಗಳನ್ನು ಪಟ್ಟಿ ಮಾಡಿದ್ದೇವೆ. ಅವುಗಳಲ್ಲಿ ಎಕ್ಸಿಸ್ಟ್‌ನಷ್ಟು ಗಟ್ಟಿಯಾಗಿ ಕೆಲಸ ಸಾಬೀತಾಗಿರುವುದು ಕೆಲವಕ್ಕೆ ಮಾತ್ರ. ಒಂದನ್ನು ತೆಗೆದುಹಾಕಿ ಏನಾಗುತ್ತದೆ ಎಂದು ನೋಡುವುದಕ್ಕೇ ಒಬ್ಬರ ಐದು ವರ್ಷ ಹೋಗುತ್ತದೆ. ನನ್ನ ನಾಲ್ಕು ವರ್ಷ ಹೀಗೇ ಕಳೆದಿದೆ, ಆ ಆರ್‌ಎನ್‌ಎ ಇಲ್ಲದೆಯೂ ನನ್ನ ಜೀವಕೋಶಗಳು ಚೆನ್ನಾಗಿಯೇ ಬೆಳೆಯುತ್ತಿವೆ.

ಕೆಂಪುಮಣ್ಣು (ಸಂಡೂರು), ಸೋಮವಾರ ರಾತ್ರಿ 10:20

ಗಂಗಾವತಿ ತಮ್ಮಾ, ನಿನ್ನನ್ನು ಒಂದು ಸ್ವಂತ ವಿಷಯ ಕೇಳುತ್ತೇನೆ. ಮೂರು ವರ್ಷದ ಹಿಂದೆ ನನಗೆ ಸಿಎಲ್‌ಎಲ್ ಎಂಬ ರಕ್ತದ ಕ್ಯಾನ್ಸರ್ ಎಂದರು. ವರದಿಯಲ್ಲಿ ‘13ನೆಯ ವರ್ಣತಂತುವಿನ ಒಂದು ತುಂಡು ಕಾಣೆಯಾಗಿದೆ’ ಎಂದು ಬರೆದಿದೆ. ಅಲ್ಲಿ ಏನಿತ್ತು ಎಂದು ಕೇಳಿದರೆ ‘ದೊಡ್ಡದೇನೂ ಇರಲಿಲ್ಲ’ ಎಂದರು. ದೊಡ್ಡದೇನೂ ಇಲ್ಲದ ಜಾಗ ಹೋದರೆ ಕ್ಯಾನ್ಸರ್ ಏಕೆ ಬರಬೇಕು?

ಗಂಗಾವತಿಯವನು (ಈಗ ಬೆಂಗಳೂರು), ಮಂಗಳವಾರ ಬೆಳಿಗ್ಗೆ 8:30

ಕಾಕಾ, ನಿಮ್ಮ ಪ್ರಶ್ನೆಯನ್ನೇ ವಿಜ್ಞಾನಿಗಳು ಹತ್ತಾರು ವರ್ಷ ಕೇಳಿಕೊಂಡರು. ಸಿಎಲ್‌ಎಲ್ ಇರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಇದೇ ತುಂಡು ಕಾಣೆಯಾಗಿರುತ್ತದೆ. ಕ್ಯಾನ್ಸರನ್ನು ತಡೆಯುವ ವಂಶವಾಹಿ ಅಲ್ಲಿರಲೇಬೇಕು ಎಂದು ಪ್ರೋಟೀನ್ ಸೂಚನೆಗಳನ್ನು ಒಂದೊಂದಾಗಿ ಸೋಸಿದರು, ಯಾವುದೂ ಹೊಂದಲಿಲ್ಲ. 2002ರಲ್ಲಿ ಜಾರ್ಜ್ ಕಾಲಿನ್, ಕಾರ್ಲೋ ಕ್ರೋಚೆ ಮತ್ತು ಅವರ ಸಂಗಡಿಗರು ಅಲ್ಲಿದ್ದದ್ದು ಎರಡು ಮೈಕ್ರೊಆರ್‌ಎನ್‌ಎಗಳು ಎಂದು ತೋರಿಸಿದರು: ಮಿರ್-15ಎ ಮತ್ತು ಮಿರ್-16. ಕ್ಯಾನ್ಸರಿಗೂ ಮೈಕ್ರೊಆರ್‌ಎನ್‌ಎಗೂ ಇರುವ ನಂಟು ಮೊದಲು ಗೊತ್ತಾದದ್ದು ನಿಮಗಿರುವ ಈ ಕಾಯಿಲೆಯಲ್ಲೇ.

ಅವೆರಡೂ ಅಲ್ಲಿ ಏನು ಮಾಡುತ್ತಿದ್ದವು? ಹಳೆಯ ಬಿಳಿ ರಕ್ತಕಣಗಳು ತಮ್ಮ ಕಾಲ ಮುಗಿದ ಮೇಲೆ ತಾವಾಗಿಯೇ ಸಾಯಬೇಕು. ಬಿಸಿಎಲ್-2 ಎಂಬ ಪ್ರೋಟೀನ್ ಹೆಚ್ಚಾದರೆ ಅವು ಸಾಯುವುದಿಲ್ಲ. ಈ ಎರಡು ಮೈಕ್ರೊಆರ್‌ಎನ್‌ಎಗಳು ಬಿಸಿಎಲ್-2ರ ತೂಬನ್ನು ಇಳಿಸಿ ಹಿಡಿದಿರುತ್ತವೆ. ತುಂಡು ಕಳೆದುಹೋದರೆ ಹಿಡಿಯುವವರಿಲ್ಲ, ಬಿಸಿಎಲ್-2 ಏರುತ್ತದೆ, ಸಾಯಬೇಕಾದ ಕಣಗಳು ರಾಶಿಯಾಗುತ್ತವೆ. ವೆನೆಟೊಕ್ಲಾಕ್ಸ್ ಎಂಬ ಮಾತ್ರೆಯ ಹೆಸರನ್ನು ನಿಮ್ಮ ವೈದ್ಯರು ಹೇಳಿರಬಹುದು. ಅದು ತಡೆಯುವುದು ಇದೇ ಬಿಸಿಎಲ್-2 ಪ್ರೋಟೀನನ್ನು.

ಒಂದು ಸಮಾಧಾನದ ಸಂಗತಿಯೂ ಇದೆ. ಸಿಎಲ್‌ಎಲ್‌ನಲ್ಲಿ ಬೇರೆ ಯಾವ ಬದಲಾವಣೆಯೂ ಇಲ್ಲದೆ ಈ ತುಂಡು ಮಾತ್ರ ಹೋಗಿದ್ದರೆ ಕಾಯಿಲೆ ಸಾಮಾನ್ಯವಾಗಿ ನಿಧಾನವಾಗಿ ಸಾಗುತ್ತದೆ. ನಿಮ್ಮ ವರದಿಯಲ್ಲಿ ಬೇರೆ ಏನಿದೆ ಎಂದು ನಿಮ್ಮ ವೈದ್ಯರನ್ನೇ ಕೇಳಿ.

ಕೆಂಪುಮಣ್ಣು (ಸಂಡೂರು), ಮಂಗಳವಾರ ಬೆಳಿಗ್ಗೆ 9:00

ಮೂರು ವರ್ಷದಲ್ಲಿ ನನಗೆ ಇದನ್ನು ಯಾರೂ ಬಿಡಿಸಿ ಹೇಳಿರಲಿಲ್ಲ ತಮ್ಮಾ. ವರದಿಯಲ್ಲಿ ಅದೊಂದೇ ತುಂಡು ಎಂದಿದೆ. ಎರಡು ಸಲ ಓದಿದೆ.

ಸಿರುಗುಪ್ಪದವ, ಮಂಗಳವಾರ ಮಧ್ಯಾಹ್ನ 12:30

ನಡುವೆ ಕೇಳುತ್ತಿದ್ದೇನೆ, ಕ್ಷಮಿಸಿ. ಒಂದೇ ರಕ್ತಪರೀಕ್ಷೆಯಲ್ಲಿ ಮೈಕ್ರೊಆರ್‌ಎನ್‌ಎ ನೋಡಿ ಎಲ್ಲ ಕ್ಯಾನ್ಸರನ್ನೂ ಮೊದಲೇ ಹೇಳುತ್ತೇವೆ ಎಂದು ಮೊಬೈಲಿಗೆ ಜಾಹೀರಾತು ಬಂದಿದೆ. ಅಪ್ಪನಿಗೆ ಮಾಡಿಸಲೇ?

ಮಕ್ಕಳ ವೈದ್ಯ (ಬಳ್ಳಾರಿ), ಮಂಗಳವಾರ ಮಧ್ಯಾಹ್ನ 2:15

ಬೇಡ. ಮೈಕ್ರೊಆರ್‌ಎನ್‌ಎ ರಕ್ತದಲ್ಲಿ ತೇಲುತ್ತಿರುತ್ತದೆ ಎಂಬುದು ನಿಜ, ಸಂಶೋಧನೆ ಬಹಳ ನಡೆಯುತ್ತಿದೆ ಎಂಬುದೂ ನಿಜ. ಆದರೆ ರಕ್ತ ಎಳೆಯುವಾಗಲೋ ಸಾಗಿಸುವಾಗಲೋ ಕೆಂಪು ಕಣಗಳು ಸ್ವಲ್ಪ ಒಡೆದರೆ ಸಾಕು, ಅವುಗಳೊಳಗಿನ ಮಿರ್-16, ಮಿರ್-451 ಹೊರಬಂದು ಲೆಕ್ಕವನ್ನೇ ಕೆಡಿಸುತ್ತವೆ. ಏಪ್ರಿಲ್ ತಿಂಗಳ ನಮ್ಮ ಬಿಸಿಲಿನಲ್ಲಿ ಬಸ್ಸಿನ ಡಿಕ್ಕಿಯಲ್ಲಿ ಹೋದ ಮಾದರಿಯ ಗತಿ ಊಹಿಸಿಕೊಳ್ಳಿ. ಪ್ರಾಸ್ಟೇಟ್ ಕ್ಯಾನ್ಸರಿನ ಅನುಮಾನವಿದ್ದವರಿಗೆ ಪಿಸಿಎ3 ಎಂಬ ಉದ್ದನೆಯ ಆರ್‌ಎನ್‌ಎಯನ್ನು ಮೂತ್ರದಲ್ಲಿ ಅಳೆಯುವ ಪರೀಕ್ಷೆಗೆ ಅಮೆರಿಕದಲ್ಲಿ 2012ರಲ್ಲಿ ಒಪ್ಪಿಗೆ ಸಿಕ್ಕಿತು. ಅದೂ ಒಂದು ನಿರ್ದಿಷ್ಟ ಪ್ರಶ್ನೆಗೆ ಮಾತ್ರ: ಮತ್ತೊಮ್ಮೆ ಬಯಾಪ್ಸಿ ಬೇಕೇ ಬೇಡವೇ ಎಂಬುದಕ್ಕೆ. ನಿಮ್ಮ ತಂದೆ ತಂಬಾಕು ಜಗಿಯುವವರಾದರೆ ಆ ಹಣದಲ್ಲಿ ಬಸ್ಸು ಹತ್ತಿಸಿ ಕರೆತನ್ನಿ, ಬಾಯಿ ತೆರೆಸಿ ನೋಡೋಣ. ಅದರಿಂದ ಹೆಚ್ಚು ಉಪಯೋಗವಿದೆ.

ದಾರದುಂಡೆ (ರಾಯಚೂರು), ಮಂಗಳವಾರ ರಾತ್ರಿ 11:20

ಎಲ್ಲರ ಮಾತನ್ನೂ ಮಗ ಮಲಗಿದ ಮೇಲೆ ಓದಿದೆ. ನನಗೆ ತಿಳಿದದ್ದು ಹೀಗೆ, ತಪ್ಪಿದ್ದರೆ ತಿದ್ದಿ. ನನ್ನ ಗೋಡೆಯ ಮೊಳೆಗೆ ದಪ್ಪ ಕಾಗದದ ಕಟಿಂಗ್‌ಗಳನ್ನು ತೂಗುಹಾಕಿದ್ದೇನೆ. ತೋಳಿಗೊಂದು, ಕತ್ತಿಗೊಂದು, ಬೆನ್ನಿಗೊಂದು. ಬಟ್ಟೆಯ ಮೇಲಿಟ್ಟು ಸೀಮೆಸುಣ್ಣದಿಂದ ಗೆರೆ ಎಳೆದು ಕತ್ತರಿಸುತ್ತೇನೆ. ಆ ಕಾಗದವನ್ನು ಯಾವ ರವಿಕೆಗೂ ಹೊಲಿಯುವುದಿಲ್ಲ. ಆದರೆ ಆ ಕಾಗದದ ಅಂಚು ಅರ್ಧ ಬೆರಳು ಸವೆದರೆ ಆಮೇಲೆ ಕತ್ತರಿಸಿದ ಎಲ್ಲ ರವಿಕೆಗಳ ತೋಳೂ ಬಿಗಿಯಾಗುತ್ತದೆ. ಒಮ್ಮೆ ಹಾಗಾಗಿ ಮದುವೆ ಮನೆಯ ಹನ್ನೊಂದು ರವಿಕೆಗಳನ್ನು ಬಿಚ್ಚಿ ಹೊಲಿದಿದ್ದೆ. ನನ್ನ ಮಗನ ಪರೀಕ್ಷೆಯಲ್ಲಿ ರವಿಕೆಗಳನ್ನು ನೋಡಿದ್ದಾರೆ, ಗೋಡೆಯ ಮೇಲಿನ ಕಾಗದಗಳನ್ನು ನೋಡಿಲ್ಲ. ಹೌದೇ?

ಹೌದಾದರೆ ನನ್ನ ಮಗನಂತಹ ಮಕ್ಕಳಲ್ಲಿ ಯಾರಿಗಾದರೂ ಕಾಗದದಲ್ಲಿ ದೋಷ ಸಿಕ್ಕಿದೆಯೇ?

ಗಂಗಾವತಿಯವನು (ಈಗ ಬೆಂಗಳೂರು), ಬುಧವಾರ ಬೆಳಿಗ್ಗೆ 7:15

ಅಕ್ಕಾ, ಸಿಕ್ಕಿದೆ. ನೀವು ಹೇಳಿದ ಹೋಲಿಕೆಯೇ ನನಗೆ ಉತ್ತರ ಬರೆಯಲು ದಾರಿಯಾಯಿತು.

ಮೇಷ್ಟ್ರು ಹೇಳಿದ ಆರ್‌ಎನ್‌ಎ ನಕಲು ಹಸಿಯಾಗಿರುತ್ತದೆ. ನಡುನಡುವೆ ಬೇಡದ ತುಂಡುಗಳಿರುತ್ತವೆ. ಅವುಗಳನ್ನು ಕತ್ತರಿಸಿ, ಬೇಕಾದವನ್ನು ಜೋಡಿಸಿ ಹೊಲಿದ ಮೇಲೆಯೇ ಪ್ರೋಟೀನಿಗೆ ಸಂದೇಶ ಸಿದ್ಧವಾಗುವುದು. ವಂಶವಾಹಿಗಳು ಹೀಗೆ ತುಂಡುತುಂಡಾಗಿವೆ ಎಂದು 1977ರಲ್ಲಿ ಗೊತ್ತಾಯಿತು. ಈ ಕತ್ತರಿಸಿ ಹೊಲಿಯುವ ಯಂತ್ರದ ಹೆಸರು ಸ್ಪ್ಲೈಸಿಯೋಸೋಮ್. ಎಲ್ಲಿ ಕತ್ತರಿಸಬೇಕು ಎಂದು ಗೆರೆ ತೋರಿಸಲು ಅದರೊಳಗೆ ಐದು ಸಣ್ಣ ಆರ್‌ಎನ್‌ಎಗಳಿವೆ: ಯು1, ಯು2, ಯು4, ಯು5, ಯು6. ನಿಮ್ಮ ಗೋಡೆಯ ಕಾಗದಗಳು ಇವೇ. ಒಂದರಿಂದಲೂ ಪ್ರೋಟೀನ್ ಆಗುವುದಿಲ್ಲ.

2024ರಲ್ಲಿ ಬ್ರಿಟನ್ನಿನಲ್ಲಿ, ಇಡೀ ಡಿಎನ್‌ಎ ಓದಿಸಿಕೊಂಡಿದ್ದರೂ ಕಾರಣ ಸಿಗದೆ ಉಳಿದಿದ್ದ ಮಕ್ಕಳ ಮಾಹಿತಿಯನ್ನು ಮತ್ತೆ ತೆರೆದರು. ಯು4ನ ಸೂಚನೆ ಇರುವ ಆರ್‌ಎನ್‌ಯು4-2 ಎಂಬ ವಂಶವಾಹಿಯಲ್ಲಿ ಒಂದೇ ಬಗೆಯ ದೋಷ ಮಗುವಿನಿಂದ ಮಗುವಿಗೆ ಮತ್ತೆ ಮತ್ತೆ ಕಾಣಿಸಿತು. ಆ ವಂಶವಾಹಿಯ ಉದ್ದ 150 ಅಕ್ಷರಗಳ ಒಳಗೆ. ದೋಷಗಳೆಲ್ಲ ಅದರ ನಡುವಿನ 18 ಅಕ್ಷರಗಳಲ್ಲಿ ಗುಂಪಾಗಿದ್ದವು, ಬಹುಪಾಲು ಮಕ್ಕಳಲ್ಲಿ ಒಂದೇ ಒಂದು ಅಕ್ಷರ ಹೆಚ್ಚಾಗಿ ಸೇರಿಕೊಂಡಿತ್ತು. ಬೆಳವಣಿಗೆ ನಿಧಾನ, ಮೈ ಸಡಿಲ, ಮಾತು ಇಲ್ಲದಿರುವುದು ಅಥವಾ ಬಹಳ ಕಡಿಮೆ, ಸಣ್ಣ ತಲೆ, ಹಲವರಿಗೆ ಫಿಟ್ಸ್. ಈಗ ಇದನ್ನು ರೆನು ಸಿಂಡ್ರೋಮ್ ಎನ್ನುತ್ತಾರೆ. ಬೆಳವಣಿಗೆಯ ತೊಂದರೆ ಇರುವ ಸಾವಿರ ಮಕ್ಕಳಲ್ಲಿ ಸುಮಾರು ನಾಲ್ವರಿಗೆ ಇದು ಇರಬಹುದು ಎಂದು ಅಂದಾಜು. ಸಾಮಾನ್ಯ ಎಕ್ಸೋಮ್ ಪರೀಕ್ಷೆ ಈ ಜಾಗಕ್ಕೆ ಹೋಗುವುದಿಲ್ಲ.

ಇನ್ನು ನಿಮ್ಮ ಮನೆಯ ಮಾತು. ಆ ಮಕ್ಕಳಲ್ಲಿ ಈ ಬದಲಾವಣೆ ಬಹುತೇಕ ಹೊಸದಾಗಿ ಹುಟ್ಟಿಕೊಂಡದ್ದು. ತಾಯಿಯ ರಕ್ತದಲ್ಲೂ ಇರಲಿಲ್ಲ, ತಂದೆಯ ರಕ್ತದಲ್ಲೂ ಇರಲಿಲ್ಲ. ಪ್ರತಿ ಮಗುವೂ 60–70 ಹೊಸ ಬದಲಾವಣೆಗಳನ್ನು ಹೊತ್ತುಕೊಂಡೇ ಹುಟ್ಟುತ್ತದೆ. ನಾನೂ ಹುಟ್ಟಿದ್ದೇನೆ, ನೀವೂ ಹುಟ್ಟಿದ್ದೀರಿ. ಹೆಚ್ಚಿನವು ಏನೂ ಮಾಡುವುದಿಲ್ಲ, ಎಲ್ಲೋ ಒಂದು ಇಂತಹ ಜಾಗದಲ್ಲಿ ಬೀಳುತ್ತದೆ. ಸಂಬಂಧದಲ್ಲಿ ಮದುವೆಯಾಗುವುದಕ್ಕೂ ಇದಕ್ಕೂ ನಂಟಿಲ್ಲ.

ಇನ್ನೊಂದನ್ನೂ ನಾನೇ ಹೇಳಿಬಿಡುತ್ತೇನೆ, ನೀವು ಬೇರೆಲ್ಲೋ ಓದಿ ನೊಂದುಕೊಳ್ಳಬಾರದು. ಈ ವಂಶವಾಹಿಯ ಎರಡು ಪ್ರತಿಗಳು ನಮ್ಮಲ್ಲಿವೆ, ಒಂದು ತಾಯಿಯಿಂದ, ಒಂದು ತಂದೆಯಿಂದ. ರೆನು ಇರುವ ಮಕ್ಕಳಲ್ಲಿ ಆ ಹೊಸ ಅಕ್ಷರ ಹೆಚ್ಚಾಗಿ ತಾಯಿಯಿಂದ ಬಂದ ಪ್ರತಿಯಲ್ಲಿ ಇರುತ್ತದೆ. ತಾಯಿ ತಿಂದದ್ದರಿಂದಲೋ ಮಾಡಿದ ಕೆಲಸದಿಂದಲೋ ಹಾಗಾದದ್ದಲ್ಲ. ಅದನ್ನು ಯಾರೂ ತಡೆಯಲಾಗುತ್ತಿರಲಿಲ್ಲ.

ಮಕ್ಕಳ ವೈದ್ಯ (ಬಳ್ಳಾರಿ), ಬುಧವಾರ ಬೆಳಿಗ್ಗೆ 9:40

ಗಂಗಾವತಿಯವರು ಸರಿಯಾಗಿ ಹೇಳಿದ್ದಾರೆ, ನಾನು ಸ್ವಲ್ಪ ಕಡಿವಾಣ ಹಾಕುತ್ತೇನೆ. ಸಾವಿರಕ್ಕೆ ನಾಲ್ವರು ಎಂದರೆ 996 ಮಕ್ಕಳಿಗೆ ಕಾರಣ ಬೇರೆಯೇ. ನಿಮ್ಮ ಮಗನಿಗೆ ಇದೇ ಇದೆ ಎಂದು ಬರಹ ಓದಿ ಹೇಳಲಾಗುವುದಿಲ್ಲ. ಸೋದರ ಸಂಬಂಧದ ಮದುವೆಯಲ್ಲಿ ಒಂದು ಬಗೆಯ ರೋಗಗಳ ಸಾಧ್ಯತೆ ಹೆಚ್ಚುವುದೂ ನಿಜ. ತಂದೆ ತಾಯಿ ಇಬ್ಬರಿಂದಲೂ ಒಂದೇ ಕೆಟ್ಟ ಪ್ರತಿ ಬಂದಾಗ ಕಾಣಿಸಿಕೊಳ್ಳುವ ರೋಗಗಳು ಅವು. ನಾನ್‌ಕೋಡಿಂಗ್ ಭಾಗದಲ್ಲೂ ಅಂತಹವು ಇವೆ. ಆರ್‌ಎಂಆರ್‌ಪಿ ಎಂಬ ಆರ್‌ಎನ್‌ಎಯ ಎರಡೂ ಪ್ರತಿ ಕೆಟ್ಟರೆ ಮೂಳೆ ಬೆಳೆಯದೆ ಕುಳ್ಳಾಗಿ, ಕೂದಲು ವಿರಳವಾಗುವ ಕಾಯಿಲೆ ಬರುತ್ತದೆ. ಆದ್ದರಿಂದ ಮದುವೆಯೇ ಕಾರಣ ಎಂದು ನಿಮ್ಮ ನೆಂಟರು ಹೇಳುವುದಕ್ಕೆ ಆಧಾರವಿಲ್ಲ, ಮದುವೆ ಕಾರಣವೇ ಅಲ್ಲ ಎಂದು ನಾನು ಇವತ್ತೇ ಬರೆದುಕೊಡುವುದಕ್ಕೂ ಆಧಾರವಿಲ್ಲ. ಓದಿದ ಮೇಲೆಯೇ ಗೊತ್ತಾಗಬೇಕು.

ಮಾಡಬೇಕಾದದ್ದು ಇಷ್ಟು. ವಂಶವಾಹಿ ತಜ್ಞರ ಬಳಿಗೆ ಹಳೆಯ ವರದಿಯೊಂದಿಗೆ ಹೋಗಿ. ಆರ್‌ಎನ್‌ಯು4-2 ಬಹಳ ಚಿಕ್ಕದು, ಅದೊಂದನ್ನೇ ಓದಿಸಲು ಸಾಧ್ಯವೇ ಎಂದು ಮೊದಲು ಕೇಳಿ. ಅದು ಇಡೀ ಜೀನೋಮ್, ಅಂದರೆ ಪೂರ್ತಿ ಡಿಎನ್‌ಎ, ಓದಿಸುವುದಕ್ಕಿಂತ ಎಷ್ಟೋ ಅಗ್ಗ. ಅದಕ್ಕೆ ಹೋಲುವ ಇನ್ನೊಂದು ವಂಶವಾಹಿ ಪಕ್ಕದಲ್ಲೇ ಇದೆ, ಎರಡೂ ಬೆರೆಯದಂತೆ ಓದಬಲ್ಲ ಪ್ರಯೋಗಾಲಯವೇ ಬೇಕು. ಅಲ್ಲಿ ಇಲ್ಲವೆಂದಾದರೆ ಇಡೀ ಜೀನೋಮ್ ಬಗ್ಗೆ ಯೋಚಿಸೋಣ. ನಿಮ್ಮಿಬ್ಬರ ರಕ್ತವನ್ನೂ ಕೊಡಿ, ಹೊಸದೋ ಬಂದದ್ದೋ ಎಂದು ತಿಳಿಯುವುದು ಅದರಿಂದಲೇ.

ಹೆಸರು ಸಿಗುವವರೆಗೆ ವ್ಯಾಯಾಮ ಮತ್ತು ಮಾತಿನ ತರಬೇತಿಯನ್ನು ನಿಲ್ಲಿಸಬೇಡಿ. ಯಂತ್ರದ ಚಕ್ರ ಹಿಡಿದು ಹಸಿವು ಹೇಳುವ ಮಗು ಚಿತ್ರದ ಕಾರ್ಡು ತೋರಿಸಿ ಕೇಳುವುದನ್ನೂ ಕಲಿಯಬಲ್ಲ. ಇದನ್ನು ನಾಳೆಯಿಂದಲೇ ಶುರು ಮಾಡಬಹುದು.

ಕಾರಟಗಿ ರೈತ, ಬುಧವಾರ ಮಧ್ಯಾಹ್ನ 1:05

ಒಂದು ಅಕ್ಷರ ಎಂದು ಓದಿದಾಗ 2024ರ ಆಗಸ್ಟ್ 10ರ ರಾತ್ರಿ ನೆನಪಾಯಿತು. ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿತ್ತು. ಗೋಡೆ ಗಟ್ಟಿಯಾಗಿತ್ತು, ಉಳಿದ 32 ಗೇಟು ಸರಿಯಿದ್ದವು, ನೀರು ಮಾತ್ರ ಹೋಗುತ್ತಲೇ ಇತ್ತು. ಆ ವಾರ ನಮ್ಮ ಮನೆಯಲ್ಲಿ ಯಾರೂ ನೆಟ್ಟಗೆ ಊಟ ಮಾಡಲಿಲ್ಲ. ತಂಗಿ, ಸರಪಳಿ ತುಂಡಾದದ್ದಕ್ಕೆ ನಾವು ಯಾರೂ ಹೊಳೆಯನ್ನು ಬೈಯಲಿಲ್ಲ. ನಿನ್ನ ನೆಂಟರಿಗೆ ಇದನ್ನು ಹೇಳು.

ದಾರದುಂಡೆ (ರಾಯಚೂರು), ಬುಧವಾರ ರಾತ್ರಿ 10:30

ಅದಕ್ಕೆ ಔಷಧವಿದೆಯೇ? ಇದನ್ನು ಕೇಳಲು ಮೂರು ದಿನದಿಂದ ಹೆದರುತ್ತಿದ್ದೇನೆ.

ಗಂಗಾವತಿಯವನು (ಈಗ ಬೆಂಗಳೂರು), ಬುಧವಾರ ರಾತ್ರಿ 11:00

ರೆನುವಿಗೆ ಔಷಧ ಇನ್ನೂ ಇಲ್ಲ ಅಕ್ಕಾ. ಸುಳ್ಳು ಹೇಳಲಾರೆ. ಆದರೆ ಆರ್‌ಎನ್‌ಎಯನ್ನು ಗುರಿಯಾಗಿಸಿದ ಔಷಧಗಳು ಬಂದಿವೆ. ಬೆನ್ನುಹುರಿಯ ನರಕೋಶಗಳು ಸಾಯುವ ಎಸ್‌ಎಂಎ ಕಾಯಿಲೆಗೆ 2016ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ನುಸಿನರ್ಸೆನ್, ಆರ್‌ಎನ್‌ಎಯನ್ನು ಕತ್ತರಿಸುವ ಗೆರೆಯನ್ನೇ ಬದಲಿಸುತ್ತದೆ. ನರಗಳಲ್ಲಿ ಕೆಟ್ಟ ಪ್ರೋಟೀನ್ ಶೇಖರವಾಗುವ ಒಂದು ವಂಶವಾಹಿ ಕಾಯಿಲೆಗೆ 2018ರಲ್ಲಿ ಪಟಿಸಿರಾನ್ ಬಂತು. ಅದು ಸಣ್ಣ ಆರ್‌ಎನ್‌ಎಯನ್ನೇ ಔಷಧವಾಗಿ ಮಾಡಿದ್ದು. ಬೆಲೆ ನಮ್ಮಂಥವರಿಗೆ ಎಟುಕುವುದಿಲ್ಲ, ಅದೂ ನಿಜ. ಹೆಸರು ಸಿಕ್ಕರೆ ಅದೇ ಹೆಸರಿನ ಕುಟುಂಬಗಳ ಗುಂಪು ಸಿಗುತ್ತದೆ, ಮುಂದೆ ಯಾವ ತೊಂದರೆಗೆ ಕಣ್ಣಿಡಬೇಕು ಎಂದು ಗೊತ್ತಾಗುತ್ತದೆ, ಪ್ರಯೋಗ ನಡೆದರೆ ಕರೆ ಬರುತ್ತದೆ.

ದಾರದುಂಡೆ (ರಾಯಚೂರು), ಶನಿವಾರ ಮಧ್ಯಾಹ್ನ 3:10

ಡಾಕ್ಟರೇ, ವರದಿಯ ಕೊನೆಯ ಪುಟ ಸಿಕ್ಕಿತು. ಒಂಬತ್ತನೆಯ ಪುಟ. ಪಕ್ಕದ ಮನೆಯ ಹುಡುಗಿ ಕನ್ನಡದಲ್ಲಿ ಓದಿ ಹೇಳಿದಳು: ‘ಪ್ರೋಟೀನ್ ಸಂಕೇತವಿಲ್ಲದ ಭಾಗಗಳಲ್ಲಿನ ಬದಲಾವಣೆಗಳನ್ನು ಈ ಪರೀಕ್ಷೆ ಪತ್ತೆ ಮಾಡದಿರಬಹುದು.’ ಒಂದು ವರ್ಷ ಬೀರುವಿನಲ್ಲೇ ಇತ್ತು.

ನಿನ್ನೆ ಅಜ್ಜಿಗೆ ಎಲ್ಲವನ್ನೂ ಹೇಳಿದೆ. ಗೋಡೆಯಿಂದ ತೋಳಿನ ಕಾಗದ ತೆಗೆದು ಅಂಚು ತೋರಿಸಿ ವಿವರಿಸಿದೆ. ಬಹಳ ಹೊತ್ತು ಅದನ್ನು ಕೈಯಲ್ಲಿ ಹಿಡಿದುಕೊಂಡು ಕುಳಿತಿದ್ದರು. ಆಮೇಲೆ ‘ಈ ಮದುವೆ ಆಗಲೇಬೇಕು ಎಂದು ಹಟ ಹಿಡಿದವಳು ನಾನು’ ಎಂದರು. ಆರು ವರ್ಷ ಅಜ್ಜಿ ನನ್ನನ್ನು ದೂರುತ್ತಿದ್ದಾರೆ ಎಂದುಕೊಂಡಿದ್ದೆ. ‘ಇನ್ನೂ ಗೊತ್ತಿಲ್ಲ ಅಜ್ಜಿ, ಓದಿಸಿ ನೋಡೋಣ’ ಎಂದೆ. ತಾವೂ ಬರುತ್ತೇನೆ ಎಂದಿದ್ದಾರೆ.

ಮುಂದಿನ ಗುರುವಾರಕ್ಕೆ ಸಮಯ ಕೊಟ್ಟಿದ್ದಾರೆ. ಅದೊಂದು ವಂಶವಾಹಿಯನ್ನು ಮಾತ್ರ ಓದಿಸಲು ಆಗುತ್ತದೆ ಎಂದು ಫೋನಿನಲ್ಲಿ ಹೇಳಿದರು. ರಕ್ತ ಕೊಡುವ ದಿನ ಮಗ ಬರಿ ಹೊಟ್ಟೆಯಲ್ಲಿ ಇರಬೇಕೇ? ರಾತ್ರಿಯ ಬಸ್ಸಿನಲ್ಲಿ ಹೋಗುವುದು, ಬೆಳಿಗ್ಗೆ ಎದ್ದರೆ ಹಸಿವು ತಡೆಯುವುದಿಲ್ಲ ಅವನು.

ಮಕ್ಕಳ ವೈದ್ಯ (ಬಳ್ಳಾರಿ), ಶನಿವಾರ ಸಂಜೆ 5:25

ಬೇಕಿಲ್ಲಮ್ಮ, ಈ ಪರೀಕ್ಷೆಗೆ ಉಪವಾಸ ಬೇಡ. ಹೊಟ್ಟೆ ತುಂಬ ತಿನ್ನಿಸಿ ಕರೆದುಕೊಂಡು ಹೋಗಿ. ಫಿಟ್ಸ್ ಮಾತ್ರೆಯನ್ನು ಪ್ರಯಾಣದ ಗಡಿಬಿಡಿಯಲ್ಲಿ ತಪ್ಪಿಸಬೇಡಿ. ಒಂಬತ್ತನೆಯ ಪುಟವನ್ನೂ ಮರೆಯದೆ ತೆಗೆದುಕೊಳ್ಳಿ.